ಸದರಿ ಗುಂಡ

"ಅಳಿಯ ಅಲ್ಲ, ಮಗಳ ಗಂಡ" ಅಂತ ಒಂದು ಮಾತಿದೆಯಲ್ಲ, ಎರಡೂ ಒಂದೇ, ಸುಮ್ಮನೆ ಮಾತು ತಿರುಗಿಸಬೇಡ ಎಂದು ಅದರ ಅರ್ಥ. ಆ ಮಾತು ಕಟ್ಟಿದ ಪುಣ್ಯಾತ್ಮ ಈ ಮನೆಗೆ ಬಂದು ನೋಡಿರಲಿಲ್ಲ. ಈ ಮನೆಯಲ್ಲಿ ಎರಡೂ ಬೇರೆ ಬೇರೆ. ಮಾವ ತಮ್ಮ ದೊಡ್ಡ ಮಗಳ ಗಂಡನನ್ನು, ಅವನು ಸೇತುವೆ ಕಟ್ಟಿಸುವ ಇಂಜಿನಿಯರು, ಬಂದವರಿಗೆಲ್ಲ "ನಮ್ಮ ಅಳಿಯಂದಿರು" ಎಂದು ಎದೆಯುಬ್ಬಿಸಿ ಪರಿಚಯಿಸುತ್ತಿದ್ದರು. ಚಿಕ್ಕವನ ಸರದಿ ಬಂದಾಗ ಗಂಟಲು ಸರಿಮಾಡಿಕೊಂಡು "ಇವರು ಚಿಕ್ಕ ಮಗಳ ಗಂಡ" ಎಂದು ಮುಗಿಸುತ್ತಿದ್ದರು. ಬಂದವರು ಬಿಡದೆ "ಏನು ಕೆಲಸ?" ಎಂದು ಕೇಳಿದರೆ "ಹಳೇ ಕಾಗದ ಓದ್ತಾರೆ" ಎನ್ನುತ್ತಿದ್ದರು. ಕೇಳಿದವರು ಅಯ್ಯೋ ಪಾಪ ಎನ್ನುವ ಹಾಗೆ ತಲೆಯಾಡಿಸಿ ಬೇರೆ ಮಾತು ತೆಗೆಯುತ್ತಿದ್ದರು.

ನಮ್ಮ ಕಥೆ ಈ ಚಿಕ್ಕವನದು. ಕಾಲೇಜಿನಲ್ಲಿ ಗಂಟೆ ಲೆಕ್ಕದಲ್ಲಿ ಇತಿಹಾಸ ಹೇಳಿಕೊಡುತ್ತಿದ್ದ. ಉಳಿದ ಹೊತ್ತೆಲ್ಲ ಸರ್ಕಾರದ ಹಳೆಯ ಕಡತಗಳಲ್ಲಿ ತಲೆ ಹುದುಗಿಸಿಕೊಂಡು ಕೂರುತ್ತಿದ್ದ. ಮಾವನ ಮನೆಯ ಮಹಡಿಯ ಮೇಲೆಯೇ ಅವನ ಸಂಸಾರ, ಊಟ ಮಾತ್ರ ಕೆಳಗೆ ಎಲ್ಲರ ಜೊತೆ. ಊಟದ ಮೇಜಿನ ತುದಿಯಲ್ಲಿ, ಅಡುಗೆಮನೆಯ ಬಾಗಿಲು ತೆಗೆದಾಗಲೆಲ್ಲ ಬೆನ್ನಿಗೆ ಬಡಿಯುವ ಕುರ್ಚಿ ಅವನ ಪಾಲಿಗೆ ಬಂದಿತ್ತು. ಮಾವನ ಪಕ್ಕದ ಕುರ್ಚಿ ಸದಾ ಖಾಲಿ. ಅದು ದೊಡ್ಡ ಅಳಿಯಂದಿರು ಅಪರೂಪಕ್ಕೆ ಬಂದಾಗ ಕೂರುವುದಕ್ಕೆ. ಚಿಕ್ಕವನು ಇದನ್ನೆಲ್ಲ ನಗುತ್ತಲೇ ನುಂಗಿಕೊಳ್ಳುತ್ತಿದ್ದ, ಆದರೆ ಅವನಿಗೆ ನೋವಾಗುತ್ತಿತ್ತು. ಹಳೇ ಕಾಗದ ಓದುವುದು ತಪ್ಪೇ ಎಂದು ಹೆಂಡತಿಯ ಹತ್ತಿರ ಗೊಣಗಿದ್ದೂ ಉಂಟು.

"ತಪ್ಪಲ್ಲ ರೀ. ಆದರೆ ಹಳೇ ಕಾಗದದ ಮೇಲೆ ಲಾರಿ ಹೋಗಲ್ಲ, ಸೇತುವೆ ಮೇಲೆ ಹೋಗುತ್ತೆ," ಎಂದು ಅವಳು ಸಮಾಧಾನ ಮಾಡಿದ್ದಳು. ಸಮಾಧಾನ ಮಾಡುವುದರಲ್ಲಿ ಅವಳ ಕೈ ಸ್ವಲ್ಪ ಒರಟು.

ತಮಾಷೆಯೆಂದರೆ ಮಾವನವರೇ ಜೀವಮಾನವಿಡೀ ಕಾಗದದಲ್ಲಿ ಬಾಳಿದವರು. ಸರ್ಕಾರಿ ಕಚೇರಿಯಲ್ಲಿ ಹೆಡ್ ಕ್ಲರ್ಕ್ ಆಗಿ ನಿವೃತ್ತರಾಗಿದ್ದರು. ಕಚೇರಿ ಅವರನ್ನು ಬಿಟ್ಟಿತ್ತು, ಕಚೇರಿಯ ಭಾಷೆ ಬಿಟ್ಟಿರಲಿಲ್ಲ. ಕನ್ನಡಕ ಕಾಣದಿದ್ದರೆ "ಕನ್ನಡಕ ಎಲ್ಲಿ ಇಡಲ್ಪಟ್ಟಿದೆ?" ಎನ್ನುವರು. ತಾವೇ ಕೈಜಾರಿಸಿದ ಗಾಜಿನ ಲೋಟದ ಚೂರುಗಳನ್ನು ನೋಡುತ್ತ "ಲೋಟ ಒಡೆದಿರುವುದು ಗಮನಕ್ಕೆ ಬಂದಿದೆ" ಎನ್ನುವರು. ಆ ಭಾಷೆಯ ಸೊಗಸೇ ಅದು. ಅಲ್ಲಿ ಎಲ್ಲವೂ ಆಗಿರುತ್ತದೆ, ಮಾಡಿದವರು ಮಾತ್ರ ಯಾರೂ ಇರುವುದಿಲ್ಲ. ಚಿಕ್ಕ ಮಗಳು ಇವನನ್ನೇ ಮದುವೆಯಾಗುತ್ತೇನೆ ಎಂದು ನಿಂತಾಗಲೂ ಅವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. "ಪರಿಶೀಲಿಸಲಾಗುವುದು" ಅಂದರು. ಮದುವೆಯಾಗಿ ಇಷ್ಟು ಕಾಲವಾದರೂ ಆ ಪರಿಶೀಲನೆ ಮುಗಿದಂತೆ ಕಾಣುತ್ತಿರಲಿಲ್ಲ.

ಹೀಗಿರುವಾಗ ನಗರಸಭೆಗೆ ನೂರು ವರ್ಷ ತುಂಬುತ್ತ ಬಂತು. ಊರಿನ ಇತಿಹಾಸ ಬರೆಸಿ ಒಂದು ಪುಸ್ತಕ ಮಾಡಬೇಕೆಂದು ಸಭೆಯಲ್ಲಿ ತೀರ್ಮಾನವಾಯಿತು. ದೊಡ್ಡ ದೊಡ್ಡ ಪ್ರೊಫೆಸರುಗಳನ್ನೆಲ್ಲ ಕೇಳಿ, ಅವರೆಲ್ಲ ಬಿಡುವಿಲ್ಲ ಎಂದ ಮೇಲೆ ಕೆಲಸ ನಮ್ಮವನ ಕೊರಳಿಗೆ ಬಿತ್ತು. ಅವನಿಗೋ ಅದೇ ಹಾರ.

ನಗರಸಭೆಯ ರೆಕಾರ್ಡ್ ರೂಮು ಹಿಂಭಾಗದಲ್ಲಿತ್ತು, ನಲ್ಲಿ ರಿಪೇರಿ ಸಾಮಾನು ಇಡುವ ಕೋಣೆಯ ಪಕ್ಕದಲ್ಲಿ. ಅದಕ್ಕಿದ್ದ ಒಂದೇ ಕಿಟಕಿಯನ್ನು ಕಡತದ ಗಂಟುಗಳು ಮುಕ್ಕಾಲು ಮುಚ್ಚಿದ್ದವು. ಯಾವ ಗಂಟು ಎಳೆದರೂ ಮೊದಲು ಧೂಳು ಬರುತ್ತಿತ್ತು, ಆಮೇಲೆ ಸೀನು ಬರುತ್ತಿತ್ತು, ಇತಿಹಾಸ ಬಂದರೆ ಕೊನೆಗೆ. ಕೋಣೆಯ ಅಟೆಂಡರನಿಗೆ ಎಲ್ಲರೂ ಬೀಗದಣ್ಣ ಎನ್ನುತ್ತಿದ್ದರು, ಸೊಂಟದಲ್ಲಿ ಅಷ್ಟು ಬೀಗದಕೈಗಳಿದ್ದವು. ಅಲ್ಲಿನ ಒಂದು ಹಾಳೆಯನ್ನೂ ಅವನು ಓದಿದವನಲ್ಲ. "ತೆಗೆದುಕೊಡೋದು ನನ್ನ ಕೆಲಸ, ಓದೋದು ನಿಮ್ಮ ಕರ್ಮ," ಎಂದು ಸ್ಟೂಲಿನ ಮೇಲೆ ಕೂತು ಕಣ್ಣು ಮುಚ್ಚುತ್ತಿದ್ದ.

ನಮ್ಮವನು ವಾರಗಟ್ಟಲೆ ಚರಂಡಿ, ಬೀದಿದೀಪ, ಮತ್ತೆ ಚರಂಡಿ ಓದಿ ಓದಿ ಸುಸ್ತಾಗಿದ್ದಾಗ ಆ ಕಡತ ಸಿಕ್ಕಿತು. ಮೇಲೆ ವಿಷಯ ಎಂಬಲ್ಲಿ "ಸದರಿ ಗುಂಡ" ಎಂದಷ್ಟೇ ಇತ್ತು. ಸದರಿ ಅಂದರೆ ಮೇಲೆ ಹೇಳಿದ ಎಂದರ್ಥ. ಆದರೆ ಮೇಲೆ ಹೇಳಿದ್ದು ಏನು ಎಂದು ತಿಳಿಸುವ ಮೊದಲ ಹಾಳೆಗಳೇ ಇರಲಿಲ್ಲ. ಯಾಕೆ ಇಲ್ಲ ಎನ್ನುವುದಕ್ಕೆ ಒಂದು ಟಿಪ್ಪಣಿ ಇತ್ತು. "ಈ ಕಡತದ ಪ್ರಾರಂಭಿಕ ಪುಟಗಳು ಸದರಿ ಗುಂಡನಿಂದ ನಾಶಪಡಿಸಲ್ಪಟ್ಟಿವೆ."

ಇವನ ಬೆನ್ನು ನೆಟ್ಟಗಾಯಿತು. ಸರ್ಕಾರದ ದಾಖಲೆಯನ್ನು ಸರ್ಕಾರದ ಕಚೇರಿಯೊಳಗೇ ನುಗ್ಗಿ ನಾಶ ಮಾಡಿದ ಗಂಡೆದೆಯವನು ಯಾರಪ್ಪ ಇವನು? ಮುಂದೆ ಓದಿದ. "ಕಚೇರಿಯ ಬೇಲಿಯು ಗುಂಡನಿಂದ ಮುರಿಯಲ್ಪಟ್ಟಿದೆ." ಇನ್ನೊಂದು ಹಾಳೆಯಲ್ಲಿ "ಸಾಹೇಬರ ಭೇಟಿಯ ಸಮಯದಲ್ಲಿ ಅವರ ಸಮ್ಮುಖದಲ್ಲಿಯೇ ದನಿ ಎತ್ತಲಾಗಿದ್ದು, ಸದರಿ ದನಿಯು ಪೇಟೆ ಬೀದಿಯವರೆಗೂ ಕೇಳಿಬಂದಿದೆ." ಇನ್ನೊಂದರಲ್ಲಿ "ಬಂಧನದಲ್ಲಿ ಇರಿಸಲಾಗಿದ್ದು, ಬಂಧನ ಹರಿದು ಪರಾರಿ." ಆಮೇಲೆ ಅವನು ಎರಡೆರಡು ಸಲ ಓದಿದ ಆ ಸಾಲು: "ಸರ್ಕಾರದ ಹೊರೆ ಹೊರಲು ಗುಂಡನಿಂದ ಪದೇ ಪದೇ ನಿರಾಕರಣೆ."

ಸರ್ಕಾರದ ಹೊರೆ! ಅಂದರೆ ತೆರಿಗೆ. ಊರಿನ ಪುಸ್ತಕಗಳಲ್ಲಿ ಎಲ್ಲೂ ಹೆಸರಿಲ್ಲದ ಒಬ್ಬ ಸಾಮಾನ್ಯ ಮನುಷ್ಯ ತೆರಿಗೆ ಹೊರೆಯನ್ನು ಧಿಕ್ಕರಿಸಿ ನಿಂತಿದ್ದ. ಕಮ್ಮಾರನ ಚೀಟಿಯೊಂದರಲ್ಲಿ "ಗುಂಡನ ಬಾಬ್ತು ಕಬ್ಬಿಣ, ನಾಲ್ಕು" ಎಂದಿತ್ತು. ಎರಡು ಕೈಗೆ, ಎರಡು ಕಾಲಿಗೆ ಸಂಕೋಲೆ ತೊಡಿಸಿದ್ದಾರೆ ಪಾಪಿಗಳು, ಎಂದು ಇವನ ಕಣ್ಣಲ್ಲಿ ನೀರು ಬಂತು. "ಗುಂಡನ ಬಾಬ್ತು ಹುಲ್ಲು" ಎಂಬ ಚೀಟಿಗಳು ಹತ್ತಾರಿದ್ದವು. ಹಾಗಾದರೆ ವೃತ್ತಿಯಲ್ಲಿ ಹುಲ್ಲಿನ ವ್ಯಾಪಾರಿ ಎಂದು ಬರೆದುಕೊಂಡ. ಹೊಸದಾಗಿ ವರ್ಗವಾಗಿ ಬಂದ ಅಧಿಕಾರಿಯೊಬ್ಬ, ಗುಂಡ ಖುದ್ದು ಹಾಜರಾಗಿ ತನ್ನ ನಡವಳಿಕೆಗೆ ಸಮಜಾಯಿಷಿ ಕೊಡಬೇಕೆಂದು ನೋಟೀಸು ಹೊರಡಿಸಿದ್ದ. ಅದರ ಕೆಳಗೆ ಕೈಕೆಳಗಿನ ಗುಮಾಸ್ತನ ಷರಾ: "ಹಾಜರುಪಡಿಸಲಾಯಿತು. ಕೇಳಲಾದ ಯಾವ ಪ್ರಶ್ನೆಗೂ ಉತ್ತರ ಬಂದಿರುವುದಿಲ್ಲ." ಎಂಥ ಧೀರ ಮೌನ, ಎಂದು ನಮ್ಮವನು ಕನ್ನಡಕ ತೆಗೆದು ಒರೆಸಿಕೊಂಡ.

ಅವತ್ತು ಊಟಕ್ಕೆ ಕೂತಾಗ ಬಾಗಿಲು ಬೆನ್ನಿಗೆ ಬಡಿದದ್ದೂ ಅವನಿಗೆ ಗೊತ್ತಾಗಲಿಲ್ಲ. ಅನ್ನ ಬಾಯಿಗಿಡುವುದನ್ನೂ ಮರೆತು ಗುಂಡನ ಕಥೆ ಹೇಳಿದ. ಅತ್ತೆ "ಅಯ್ಯೋ, ಕೈಕಾಲಿಗೂ ಕಬ್ಬಿಣವೇ!" ಎಂದು ಮರುಗಿದರು. ಮಾವ ತುತ್ತು ಕೆಳಗಿಟ್ಟು ಕೇಳಿದರು.

"ಹೆಸರು ಏನು ಅಂದ್ರಿ?"

"ಗುಂಡ ಅಂತ, ಮಾವ."

"ನಮ್ಮ ತಾತನನ್ನ ಅವರಮ್ಮ ಗುಂಡ ಅಂತಲೇ ಕರೀತಿದ್ದರಂತೆ."

ಯಾವ ತಾಯಿ ತನ್ನ ದುಂಡುದುಂಡಗಿನ ಮಗುವನ್ನು ಗುಂಡ ಎಂದು ಕರೆದಿಲ್ಲ ಹೇಳಿ. ಊರಿನ ಅರ್ಧ ಗಂಡಸರು ಒಂದಲ್ಲ ಒಂದು ವಯಸ್ಸಿನಲ್ಲಿ ಗುಂಡರೇ. ಇತಿಹಾಸದವನಾದ ಇವನು ಇದಕ್ಕೆ ಇನ್ನೊಂದು ಆಧಾರ ಬೇಕು ಮಾವ ಎನ್ನಬೇಕಿತ್ತು. ವಿದ್ಯಾರ್ಥಿಗಳಾಗಿದ್ದರೆ ಖಂಡಿತ ಅನ್ನುತ್ತಿದ್ದ. ಆದರೆ ಮಾವ ಅಷ್ಟರಲ್ಲಿ ತಮ್ಮ ಪಕ್ಕದ ಕುರ್ಚಿಯನ್ನು ಕಾಲಿನಿಂದ ಹೊರಕ್ಕೆ ತಳ್ಳಿ, "ಅಲ್ಯಾಕೆ ಬಾಗಿಲ ಹತ್ತಿರ ಕೂತಿದ್ದೀರಿ ಅಳಿಯಂದಿರೇ, ಇಲ್ಲಿ ಬನ್ನಿ," ಎಂದುಬಿಟ್ಟರು. ಕುರ್ಚಿಯ ಮುಂದೆ ಆಧಾರ ಎಲ್ಲಿ ನಿಲ್ಲುತ್ತದೆ? ಇವನು ತಟ್ಟೆ ಎತ್ತಿಕೊಂಡು ಹೋಗಿ ಕೂತ.

ಅಲ್ಲಿಂದ ಮುಂದೆ ಎಲ್ಲ ನೀರು ಕುಡಿದಷ್ಟು ಸಲೀಸಾಗಿ ನಡೆಯಿತು. ಊರಿನ ಪತ್ರಿಕೆಯಲ್ಲಿ ಇವನ ಲೇಖನ ಬಂತು. ನಗರಸಭೆಯ ಅಧ್ಯಕ್ಷೆ ಅದನ್ನು ಓದಿ, ಇಂಥ ಮಹನೀಯರ ಹೆಸರಲ್ಲಿ ಒಂದು ಬೀದಿಯೂ ಇಲ್ಲವಲ್ಲ ಎಂದು ನೊಂದುಕೊಂಡು, ಕಚೇರಿಯ ಮುಂದಿನ ರಸ್ತೆಗೇ ಗುಂಡನ ರಸ್ತೆ ಎಂದು ಹೆಸರಿಡಲು ಆದೇಶ ಹೊರಡಿಸಿದರು. ನಾಮಫಲಕದ ಪರದೆ ಸರಿಸಲು ಮೊಮ್ಮಗನಾದ ಮಾವನಿಗೇ ಆಹ್ವಾನ ಬಂತು. ಚಿತ್ರಕಾರನೊಬ್ಬನಿಂದ ಗುಂಡನ ದೊಡ್ಡ ಚಿತ್ರ ಬರೆಸಿದರು. ಮುಖಚಹರೆ ಯಾರಿಗೂ ಗೊತ್ತಿಲ್ಲದ್ದರಿಂದ ಚಿತ್ರಕಾರ ಮಾವನ ಮೂಗನ್ನೇ ಅಳತೆಗೆ ತೆಗೆದುಕೊಂಡು, ಒಂದು ಮೀಸೆ ಸೇರಿಸಿ, ಕೈಕಾಲಿಗೆ ಸರಪಳಿ ಹಾಕಿದ. ಚಿತ್ರ ಮನೆಯ ಹಜಾರಕ್ಕೆ ಬಂದು ಕೂತಿತು. ಮಾವ ಹೋಗುತ್ತ ಬರುತ್ತ ಅದರ ಮುಂದೆ ನಿಂತು ತಮ್ಮ ಮೂಗು ಸವರಿಕೊಳ್ಳುತ್ತಿದ್ದರು. ಬಂದವರ ಮುಂದೆ ಇವನ ಹೆಗಲ ಮೇಲೆ ಕೈಹಾಕಿ "ನಮ್ಮ ಅಳಿಯಂದಿರು, ಸಂಶೋಧಕರು" ಎನ್ನುತ್ತಿದ್ದರು. ಸೇತುವೆಯ ಮಾತು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ನಮ್ಮವನಿಗೆ ಜೀವನದಲ್ಲಿ ಅಷ್ಟು ಸುಖ ಹಿಂದೆಂದೂ ಸಿಕ್ಕಿರಲಿಲ್ಲ.

ಸಮಾರಂಭದ ಹಿಂದಿನ ದಿನ ಪುಸ್ತಕಕ್ಕೆ ಒಂದು ದಿನಾಂಕ ನೋಡಿಕೊಳ್ಳಬೇಕೆಂದು ರೆಕಾರ್ಡ್ ರೂಮಿಗೆ ಹೋದ. ಗುಂಡನ ಕಡತ ಕೊಡುತ್ತ ಬೀಗದಣ್ಣ, "ರಟ್ಟಿನ ಒಳಗೆ ಇದೊಂದು ಅಂಟ್ಕೊಂಡಿತ್ತು ಸಾರ್, ನಿನ್ನೆ ಉದುರಿತು," ಎಂದು ಮಡಿಸಿದ ಹಾಳೆಯೊಂದನ್ನು ಚಾಚಿ, ತಾನು ಸ್ಟೂಲು ಹತ್ತಿ ಕಣ್ಣು ಮುಚ್ಚಿದ.

ಅದು ಸರ್ಕಾರದವರು ಬರೆದದ್ದಲ್ಲ, ಸರ್ಕಾರಕ್ಕೆ ಯಾರೋ ಬರೆದುಕೊಂಡ ಅರ್ಜಿ. ಅಕ್ಷರ ಕೋಪದಿಂದ ಹಾಳೆಯನ್ನೇ ಸೀಳುವ ಹಾಗಿತ್ತು. "ಸ್ವಾಮಿ, ನಿಮ್ಮ ಕಚೇರಿಯ ಗುಂಡ ಈ ಬೆಳಿಗ್ಗೆ ಹಗ್ಗ ಕಡಿದುಕೊಂಡು ನನ್ನ ಅಂಗಡಿಗೆ ನುಗ್ಗಿತು. ಗಿರಾಕಿ ಹೊಲಿಯಲು ಕೊಟ್ಟಿದ್ದ ಅಂಗಿಯ ತೋಳನ್ನು ತಿಂದಿತು. ಬಿಡಿಸಲು ಹೋದ ನನ್ನನ್ನು ಒದೆಯಿತು."

ಅವನು ಇನ್ನೊಮ್ಮೆ ಓದಿದ. ನುಗ್ಗಿತು. ತಿಂದಿತು. ಒದೆಯಿತು. ನುಗ್ಗಿದ ಅಲ್ಲ, ತಿಂದ ಅಲ್ಲ, ಒದ್ದ ಅಲ್ಲ. ಒಂದೊಂದು ಸಾಲಿನ ಕೊನೆಯ ತು ಅವನ ಮುಖಕ್ಕೆ ಥೂ ಎಂದು ಉಗಿದಂತೆ ಬಡಿಯಿತು.

ಇಡೀ ಕಡತದಲ್ಲಿ ಗುಮಾಸ್ತರು ಒಬ್ಬರೂ ಗುಂಡ ಮುರಿದನೋ ಮುರಿಯಿತೋ ಎಂದು ಬಾಯಿಬಿಟ್ಟು ಬರೆದಿರಲಿಲ್ಲ. ಎಲ್ಲವೂ ಮುರಿಯಲ್ಪಟ್ಟಿತ್ತು, ಎತ್ತಲಾಗಿತ್ತು, ನಿರಾಕರಿಸಲಾಗಿತ್ತು. ಅವನು ಮೊದಲಿನಿಂದ ಮತ್ತೆ ಹಾಳೆ ತಿರುವಿದ. ಸರ್ಕಾರದ ಹೊರೆ ಅಂದರೆ ನಿಜವಾದ ಹೊರೆ, ಕಚೇರಿಯಿಂದ ಗೋದಾಮಿಗೆ ಸಾಗಿಸುವ ಕಾಗದದ ಮೂಟೆ. ದನಿ ಎತ್ತಿದ್ದೆಂದರೆ ಅರಚಿದ್ದು. ಮೊದಲ ಪುಟಗಳನ್ನು ನಾಶಪಡಿಸಿದ್ದೆಂದರೆ ಮೇದದ್ದು. ಕಮ್ಮಾರ ಇನ್ನೊಂದು ಚೀಟಿಯಲ್ಲಿ "ಸವೆದಿದೆ, ಬದಲಿಸಿ" ಎಂದು ಬರೆದಿದ್ದ, ಯಾರ ಸಂಕೋಲೆ ನಡೆದು ನಡೆದು ಸವೆಯುತ್ತದೆ? ನೋಟೀಸು ಕಳಿಸಿದ ಹೊಸ ಅಧಿಕಾರಿಯೂ ಇವನ ಹಾಗೆಯೇ ಕಡತ ಓದಿ ಮೋಸಹೋದವನು. ಅಷ್ಟೇ ಅವನಿಗೆ ಸಿಕ್ಕ ಸಮಾಧಾನ. ಮೂಟೆ ಹೊತ್ತು, ಕಾಗದ ಮೇದು, ಪೇಟೆ ಬೀದಿಗೆ ಕೇಳುವ ಹಾಗೆ ಅರಚುವ ಪ್ರಾಣಿ ಇರುವುದು ಒಂದೇ.

ಗುಂಡ ಕತ್ತೆ. ನಾಳೆ ಬೆಳಿಗ್ಗೆ ಊರೆಲ್ಲ ಸೇರಿ, ಮೈಕು ಹಿಡಿದು, ಮಾವನನ್ನು ಅದರ ಮೊಮ್ಮಗ ಎಂದು ಕರೆಯಲಿದೆ.

ಒಂದು ಕ್ಷಣ ಅವನಿಗೆ ಆಸೆಯಾಯಿತು. ಹಾಳೆಯನ್ನು ಮೊದಲಿದ್ದಲ್ಲೇ ಅಂಟಿಸಿಬಿಟ್ಟರೆ ಯಾರಿಗೆ ಗೊತ್ತಾಗುತ್ತೆ? ಬೀಗದಣ್ಣ ಓದುವವನಲ್ಲ. ಹೇಳಿದರೆ ಕುರ್ಚಿ ಹೋಗುತ್ತೆ, 'ಅಳಿಯಂದಿರು' ಹೋಗುತ್ತೆ, ಮತ್ತೆ ಬಾಗಿಲು ಬೆನ್ನಿಗೆ ಬಡಿಯುತ್ತೆ. ಗುಂಡ ಆಗಿದ್ದರೆ ಹಾಳೆಯನ್ನು ಅಗಿದು ನುಂಗಿ 'ನಾಶಪಡಿಸಲ್ಪಟ್ಟಿದೆ' ಅನ್ನಿಸಿಕೊಳ್ಳುತ್ತಿತ್ತು. ಇವನು ಮನುಷ್ಯ, ಅದರಲ್ಲೂ ಇತಿಹಾಸ ಓದಿದವನು, ನುಂಗಲು ಆಗಲಿಲ್ಲ. ಬೀಗದಣ್ಣನ ರಿಜಿಸ್ಟರಿನಲ್ಲಿ ಸಹಿ ಹಾಕಿ ಹಾಳೆಯನ್ನು ಮನೆಗೆ ತಂದ.

ಹೆಂಡತಿಗೆ ಮೊದಲು ತೋರಿಸಿದ. ಅವಳು ಓದಿದಳು, ಮಂಚದ ಮೇಲೆ ಬಿದ್ದು ಹೊಟ್ಟೆ ಹಿಡಿದುಕೊಂಡು ನಕ್ಕಳು, ಎದ್ದು ಕೂತು ಇನ್ನೊಮ್ಮೆ ಓದಿ ಮತ್ತೆ ಬಿದ್ದಳು.

"ಅಂದರೆ ನಾನು ಕತ್ತೆ ಮರಿಮೊಮ್ಮಗಳು! ಈಗ ಗೊತ್ತಾಯ್ತು ನೋಡಿ ನಿಮ್ಮನ್ನ ಯಾಕೆ ಒಪ್ಪಿದೆ ಅಂತ."

"ನಗಬೇಡ ಕಣೇ. ಮಾವನಿಗೆ ಹೇಗೆ ಹೇಳಲಿ?"

"ಈಗಲೇ ಹೇಳಿ. ನಾಳೆ ಊರೋರು ಹೇಳೋದಕ್ಕಿಂತ ಇವತ್ತು ಮನೆಯವರು ಹೇಳೋದು ಮೇಲು. ಚಿತ್ರದ ಚಿಂತೆ ಬಿಡಿ, ಕಿವಿ ಎರಡು ಉದ್ದ ಮಾಡಿದರೆ ಆಯ್ತು."

ಮಾವ ಹಜಾರದಲ್ಲಿ ಚಿತ್ರದ ಕೆಳಗೆ ಕೂತು ಮರುದಿನದ ಭಾಷಣ ತಿದ್ದುತ್ತಿದ್ದರು. ಇವನು ಎದುರು ನಿಂತ. ಹೆಂಡತಿ ಬಾಗಿಲಿಗೆ ಒರಗಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಮಾವ, ಒಂದು ವಿಷಯ. ಗುಂಡ ಮನುಷ್ಯ ಅಲ್ಲ."

"ಹೌದು ಅಳಿಯಂದಿರೇ, ಮಹಾಪುರುಷ! ಭಾಷಣದಲ್ಲಿ ನಾನೂ ಹಾಗೇ ಬರೆದಿದ್ದೀನಿ."

"ಅದಲ್ಲ ಮಾವ. ಗುಂಡ ಕತ್ತೆ."

ಮಾವನ ಹುಬ್ಬು ಮೇಲೇರಿತು. "ಹಿರಿಯರ ಬಗ್ಗೆ ಮಾತಾಡೋವಾಗ ನಾಲಿಗೆ ಹಿಡಿತದಲ್ಲಿರಲಿ."

"ಬೈತಾ ಇಲ್ಲ ಮಾವ, ಪ್ರಾಣಿ ಯಾವುದು ಅಂತ ಹೇಳ್ತಾ ಇದ್ದೀನಿ," ಎಂದು ಹಾಳೆ ಮುಂದೆ ಹಿಡಿದ. "ಇಲ್ಲಿ ನೋಡಿ. ತಿಂದಿತು. ಒದೆಯಿತು. ಮನುಷ್ಯ ಆಗಿದ್ದರೆ ಒದ್ದನು ಅಂತ ಇರಬೇಕಿತ್ತು."

ಮಾವ ಹಾಳೆಯನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ಮೂವತ್ತು ವರ್ಷ ಕಡತದಲ್ಲಿ ಈಜಿದವರು ಅಷ್ಟು ಬೇಗ ದಡ ಸೇರುತ್ತಾರೆಯೇ? "ಕೋಪಕ್ಕೆ ಹಾಗೆ ಬರೆದಿರ್ತಾರೆ. ಸಾಯಂಕಾಲ ನೀವು ಗೇಟು ತೆಗೆದುಕೊಂಡು ಬರೋವಾಗ ನಾನೇ ಎಷ್ಟು ಸಲ ಮನಸ್ಸಲ್ಲಿ 'ಬಂತು ನೋಡು' ಅಂದ್ಕೊಂಡಿಲ್ಲ?"

ಇವನಿಗೆ ಇದು ಹೊಸ ಸುದ್ದಿ. ಆದರೂ ಸಾವರಿಸಿಕೊಂಡ. "ಹುಲ್ಲು, ಮಾವ?"

"ಹುಲ್ಲಿನ ವ್ಯಾಪಾರಿ ಅಂತ ನೀವೇ ಬರೆದಿದ್ದೀರಲ್ಲ."

"ತಪ್ಪು ಬರೆದೆ. ಅದು ತಿನ್ನೋಕೆ ಕೊಟ್ಟ ಹುಲ್ಲು."

"ತಾತನಿಗೆ ಸೊಪ್ಪುಸದೆ ಅಂದರೆ ಇಷ್ಟ ಇದ್ದಿರಬಹುದು."

"ಕಬ್ಬಿಣ ಅಂದರೆ ಸಂಕೋಲೆ ಅಲ್ಲ ಮಾವ, ಲಾಳ. ನಾಲ್ಕು ಲಾಳ ಹೊಡೆಸಿದ್ದಾರೆ."

ಮಾವ ಹಾಳೆಯನ್ನು ಮೇಜಿನ ಮೇಲಿಟ್ಟರು. "ಎರಡು ಮುಂಜಾಗ್ರತೆಗೆ ತರಿಸಿಟ್ಟಿರಬಹುದು," ಎಂದರು, ಆದರೆ ದನಿಯಲ್ಲಿ ಬಲವಿರಲಿಲ್ಲ. ಬಾಗಿಲ ಬಳಿಯಿಂದ ಮಗಳ ನಗು ಸೆರಗು ದಾಟಿ ಹೊರಬಂತು. ಮಾವ ತಿರುಗಿ ನೋಡಲಿಲ್ಲ. ಭಾಷಣದ ಹಾಳೆಗಳನ್ನು ಅಂಚು ಸರಿಹೊಂದಿಸಿ ಮಡಿಲಲ್ಲಿ ಇಟ್ಟುಕೊಂಡರು. ಪೆನ್ನಿನ ಮುಚ್ಚಳ ಹಾಕಿದರು. ಮಗಳ ನಗು ನಿಂತಿತು.

"ಹಾಗಾದರೆ ನಮ್ಮ ತಾತ ಎಲ್ಲಿ ಹೋದ?" ಎಂದು ಕೇಳಿದರು.

ಬೇಲಿ ಮುರಿದವರು ಕಡತದಲ್ಲಿ ಉಳಿಯುತ್ತಾರೆ, ತಮ್ಮ ಪಾಡಿಗೆ ದುಡಿದು ತೆಪ್ಪಗಿದ್ದವರು ಉಳಿಯುವುದಿಲ್ಲ. ನಮ್ಮವನ ವಿದ್ಯೆಯೆಲ್ಲ ಇಷ್ಟೇ ಹೇಳುತ್ತಿತ್ತು, ಅದನ್ನು ಈ ಮುಖಕ್ಕೆ ಹೇಳುವುದು ಹೇಗೆ?

"ತಾತನ ಮುಖ ನನಗೆ ನೆನಪಿಲ್ಲ," ಎಂದರು ಮಾವ. "ಒಂದು ಫೋಟೋ ಇಲ್ಲ. ಅಪ್ಪನ್ನ ಕೇಳಿದರೆ, ಬಟ್ಟೆ ಹೊಲೀತಿದ್ದ, ಕುಂಟ್ತಿದ್ದ, ಅಷ್ಟೇ ಹೇಳೋರು. ಯಾಕೆ ಕುಂಟ್ತಿದ್ದ ಅಂದರೆ 'ಸರ್ಕಾರ ಒದ್ದಿತ್ತು' ಅನ್ನೋರು. ಸರ್ಕಾರವೇ ಒದ್ದಿದೆ ಅಂದರೆ ಏನೋ ದೊಡ್ಡ ಹೋರಾಟ ಮಾಡಿರಬೇಕು ಅಂತ ನಾನು ಸಣ್ಣವನಿದ್ದಾಗಿಂದ ನಂಬಿಕೊಂಡು ಬಂದೆ. ನಿಮ್ಮ ಗುಂಡ ಸಿಕ್ಕಾಗ, ಹುಲ್ಲಿನ ವ್ಯಾಪಾರಿ ಅಂದರೂ, ಕೊನೆಗೂ ಸಿಕ್ಕಿದನಲ್ಲ ಅನ್ನಿಸಿತ್ತು."

ಮೂವರೂ ಒಂದೇ ಸಲ ಮೇಜಿನ ಮೇಲಿದ್ದ ಹಾಳೆಯ ಕಡೆ ನೋಡಿದರು.

"ಅಪ್ಪ," ಎಂದಳು ಮಗಳು ಮೆಲ್ಲಗೆ. "ಬಟ್ಟೆ ಹೊಲೀತಿದ್ದರು ಅಂದೆಯಾ?"

ಮಾವ ಹಾಳೆಯನ್ನು ಎತ್ತಿ, ಮೂವತ್ತು ವರ್ಷದ ಅಭ್ಯಾಸದಂತೆ, ಮಗುಚಿದರು. ನಮ್ಮ ಸಂಶೋಧಕ ತು ಎಂಬ ಒಂದಕ್ಷರಕ್ಕೇ ಕಂಗಾಲಾಗಿ ಹಿಂಬದಿ ನೋಡುವುದನ್ನೇ ಮರೆತಿದ್ದ. ವಿದ್ಯಾರ್ಥಿಗಳ ಪೈಕಿ ಯಾರಾದರೂ ಹಾಗೆ ಮಾಡಿದ್ದರೆ ಕ್ಲಾಸಿನಲ್ಲಿ ಮರ್ಯಾದೆ ತೆಗೆಯುತ್ತಿದ್ದ. ಹಿಂಬದಿಯಲ್ಲಿ ಅರ್ಜಿ ಮುಂದುವರಿದಿತ್ತು. "ಸೊಂಟ ಮುರಿದಂತಾಗಿ ಏಳಲು ಆಗುತ್ತಿಲ್ಲ. ಕತ್ತೆ ನಿಮ್ಮದು, ಸೊಂಟ ನನ್ನದು. ಕಟ್ಟಿಹಾಕಿ." ಕೆಳಗೆ ಪೇಟೆ ಬೀದಿಯ ದರ್ಜಿ ಎಂದಿತ್ತು, ಅದರ ಪಕ್ಕದಲ್ಲಿ ಸಹಿ. ಸಹಿಯಲ್ಲಿದ್ದದ್ದು ಮಾವನ ಹೆಸರು. ತಾತನ ಹೆಸರನ್ನೇ ಮೊಮ್ಮಗನಿಗೆ ಇಟ್ಟಿದ್ದರು.

ಅದರಡಿಯಲ್ಲಿ ಕಚೇರಿಯ ಉತ್ತರ, ನೀಟಾದ ಗುಂಡಕ್ಷರದಲ್ಲಿ: "ಪರಿಶೀಲಿಸಲಾಯಿತು. ಒದೆಯಲ್ಪಟ್ಟಿರುವುದು ಕಂಡುಬಂದಿದೆ. ಅರ್ಜಿದಾರರು ಇನ್ನು ಮುಂದೆ ದೂರದಲ್ಲಿ ನಿಲ್ಲತಕ್ಕದ್ದು."

ಮಾವ ಅದನ್ನು ಗಟ್ಟಿಯಾಗಿ ಓದಿದರು. ಆಮೇಲೆ ಅವರ ಹೊಟ್ಟೆಯಿಂದ ಎಂಥದೋ ಸದ್ದು ಹೊರಟಿತು. ಅತ್ತೆ ಅಡುಗೆಮನೆಯಿಂದ ಓಡಿ ಬಂದರು, ಏನೋ ಆಗಿಹೋಯಿತೆಂದು. ಮಾವ ನಗುತ್ತಿದ್ದರು. "ದೂರದಲ್ಲಿ ನಿಲ್ಲತಕ್ಕದ್ದು!" ಎಂದು ತೊಡೆ ತಟ್ಟಿಕೊಂಡು ನಗುತ್ತ ನಗುತ್ತಲೇ ಅಳುವುದಕ್ಕೆ ಶುರುಮಾಡಿ, "ನೋಡೇ, ನಮ್ಮ ತಾತ ಬರೆದದ್ದು. ತಾತನ ಕೈಬರಹ," ಎಂದು ಹಾಳೆಯನ್ನು ಅತ್ತೆಗೆ ತೋರಿಸಿದರು. ಅತ್ತೆಗೆ ಹಿಂದುಮುಂದು ಗೊತ್ತಿಲ್ಲದಿದ್ದರೂ ಗಂಡ ಅಳುವುದನ್ನು ನೋಡಿ ತಾವೂ ಕಣ್ಣೊರೆಸಿಕೊಂಡರು.

"ನಾಳೆಯದು ಹೇಗೆ ಮಾವ?" ಎಂದ ನಮ್ಮವನು. "ಅಧ್ಯಕ್ಷರಿಗೆ ಈಗಲೇ ಫೋನ್ ಮಾಡಿ ನಿಲ್ಲಿಸಿಬಿಡಲೇ?"

"ನಿಲ್ಲಿಸೋದು ಯಾಕೆ? ಹೇಳಬೇಕಾದ್ದು ಈಗ ತಾನೇ ಸಿಕ್ಕಿದೆ," ಎಂದ ಮಾವ ಭಾಷಣದ ಹಾಳೆಗಳನ್ನು ಎರಡಾಗಿ ಹರಿದರು.

ಮರುದಿನ ರಸ್ತೆಯಲ್ಲಿ ಒಳ್ಳೇ ಜನ ಸೇರಿತ್ತು. ಕುರ್ಚಿಗಳು, ಮೈಕು, ನಾಮಫಲಕದ ಮೇಲೆ ನೀಲಿ ಪರದೆ, ಪಕ್ಕದಲ್ಲಿ ಮನೆಯಿಂದ ತಂದಿಟ್ಟ ಚಿತ್ರದಲ್ಲಿ ಸರಪಳಿ ತೊಟ್ಟ ಮೀಸೆಯ ಗುಂಡ. ಮಾವ ಮೈಕಿನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡರು. ಕೆಳಗೆ ಕೂತಿದ್ದ ಅಳಿಯ ಕುರ್ಚಿಯ ಅಂಚಿಗೆ ಸರಿದ.

"ಗುಂಡ ನಮ್ಮ ತಾತ ಅಲ್ಲ," ಎಂದರು ಮಾವ. "ಗುಂಡ ಈ ಕಚೇರಿಯ ಕತ್ತೆ. ಅದನ್ನ ತಾತ ಅಂತ ಹೇಳಿಕೊಂಡು ತಿರುಗಿದ ಕತ್ತೆ ನಾನು. ನಮ್ಮ ತಾತ ಅದರ ಕೈಲಿ ಒದೆಸಿಕೊಂಡ ದರ್ಜಿ. ಇದನ್ನ ಹುಡುಕಿ, ಮುಚ್ಚಿಡದೆ ನನ್ನ ಮುಖಕ್ಕೇ ಹೇಳಿದವರು ಅಲ್ಲಿ ಕೂತಿದ್ದಾರಲ್ಲ, ನಮ್ಮ ಅಳಿಯಂದಿರು."

ಆಮೇಲೆ ಅರ್ಜಿ ಓದಿದರು, ಮುಂದೂ ಹಿಂದೂ. "ಕತ್ತೆ ನಿಮ್ಮದು, ಸೊಂಟ ನನ್ನದು" ಎಂದಾಗ ಜನ ನಕ್ಕರು. ದೂರದಲ್ಲಿ ನಿಲ್ಲತಕ್ಕದ್ದು ಎಂದಾಗ ಕುರ್ಚಿಗಳೇ ಅಲ್ಲಾಡಿದವು. ಅಳಿಯ ಮಾತ್ರ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದ. ಅಧ್ಯಕ್ಷೆ ಗಾಬರಿಯಾಗಿ ಆದೇಶದ ಪ್ರತಿ ತರಿಸಿ ಅಲ್ಲೇ ಓದಿ ನೋಡಿ, "ಗುಂಡನ ರಸ್ತೆ ಅಂತ ಇದೆ. ಮನುಷ್ಯ ಅಂತ ಎಲ್ಲೂ ಇಲ್ಲ. ತಿದ್ದುಪಡಿ ಬೇಕಾಗಿಲ್ಲ," ಎಂದು ಉಸಿರುಬಿಟ್ಟು, ತಾವೇ ಪರದೆಯ ದಾರ ಎಳೆದರು.

ಸಭೆ ಮುಗಿದರೂ ಜನ ಹೋಗಲಿಲ್ಲ. ಒಬ್ಬ ಮುದುಕಿ ಬಂದು "ನಮ್ಮ ಅಜ್ಜಿಯನ್ನೂ ಒಂದು ಕತ್ತೆ ಒದ್ದಿತ್ತಂತೆ ಕಣಪ್ಪ, ಇದೇ ಬೀದೀಲಿ," ಎಂದಳು. ಬೇಕರಿಯವನು ತನ್ನ ಮುತ್ತಜ್ಜನ ಬುಟ್ಟಿಯ ಬ್ರೆಡ್ ಪೂರಾ ತಿಂದು, ಆಮೇಲೆ ಒದ್ದಿತ್ತೆಂದು ಹೇಳಿದ. ನೋಡನೋಡುತ್ತ ಒದೆಸಿಕೊಂಡವರ ವಂಶಸ್ಥರ ಗುಂಪೇ ಸೇರಿತು. ಯಾರ ಪೂರ್ವಿಕರಿಗೆ ಎಲ್ಲಿಗೆ ಬಿದ್ದಿತ್ತು ಎಂದು ವಾದ ಹತ್ತಿತು. ಕೊನೆಗೆ ಬೇಕರಿಯವನು ಮಾವನ ಎದುರಿಗೇ ಬಂದು ಎದೆ ಸೆಟೆಸಿದ.

"ನಿಮ್ಮ ತಾತನದೇನು ಮಹಾ ಬಿಡಿ ಸಾರ್. ನಮ್ಮ ಮುತ್ತಜ್ಜನಿಗೆ ಅದು ಎರಡು ಸಲ ಒದ್ದಿದೆ."

ಮಾವ ಜೇಬಿನಲ್ಲಿದ್ದ ಹಾಳೆಯ ಮೇಲೆ ಅಂಗೈ ಇಟ್ಟುಕೊಂಡು, ಅಳಿಯನ ಕಡೆ ಒಮ್ಮೆ ನೋಡಿ ಹೇಳಿದರು.

"ಇರಬಹುದಪ್ಪ. ಒದೆಸಿಕೊಂಡವರು ಊರ ತುಂಬ ಇದ್ದರು. ಬರೆದಿಟ್ಟವನು ನಮ್ಮ ತಾತ ಒಬ್ಬನೇ."